ಗುಂಡಿ ಒತ್ತುವುದಕ್ಕಿಂತ ಮುಂಚಿನ ಹೊಣೆ

ಹಾಸನದ ಓದುಗರೊಬ್ಬರ ಪತ್ರ: "ಗುರಿಯನ್ನು ಯಂತ್ರವೇ ಹುಡುಕಿ, ಯಂತ್ರವೇ ಕೊಂದರೆ ಆ ಸಾವಿನ ಪಾಪ ಯಾರಿಗೆ? ಪ್ರೋಗ್ರಾಂ ಬರೆದವನಿಗೆ ಗೊತ್ತಿರಲಿಲ್ಲ, ಅಧಿಕಾರಿ ಇಂಥವರನ್ನೇ ಹೊಡೆ ಎಂದಿರಲಿಲ್ಲ, ಯಂತ್ರಕ್ಕೆ ಮನಸ್ಸೇ ಇಲ್ಲ. ಹಾಗಾದರೆ ಸಿಡಿಲು ಬಡಿದು ಸತ್ತಂತೆಯೇ?"

ಸಂಪಾದಕರ ಉತ್ತರ:

ಅಲ್ಲ. ಸಿಡಿಲು ಎಲ್ಲಿ, ಯಾವುದನ್ನು ಕಂಡರೆ ಬಡಿಯಬೇಕೆಂದು ಯಾರೂ ಮೊದಲೇ ಹೊಂದಿಸಿ ಇಟ್ಟಿರುವುದಿಲ್ಲ. ಆಯುಧವನ್ನು ಇಟ್ಟಿರುತ್ತಾರೆ. ನಿಮ್ಮ ಪ್ರಶ್ನೆ ಮುಂದೆಂದೋ ಬರುವ ರೋಬೊಗಳದ್ದಲ್ಲ, ಇಪ್ಪತ್ತು ವರ್ಷಕ್ಕೂ ಹಳೆಯದು. ನಡೆದ ಒಂದು ಘಟನೆಯನ್ನೇ ಬಿಡಿಸಿ ನೋಡೋಣ.

2003ರ ಮಾರ್ಚ್ 23. ಇರಾಕಿನಿಂದ ಮರಳುತ್ತಿದ್ದ ಬ್ರಿಟನ್ನಿನ ಟೊರ್ನಾಡೊ ಯುದ್ಧವಿಮಾನ ಕುವೈತಿನ ಅಲಿ ಅಲ್ ಸಲೇಂ ನೆಲೆಯತ್ತ ಇಳಿಯುತ್ತಿತ್ತು. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಘಟಕ ಅದನ್ನು ಹೊಡೆದು ಕೆಡವಿತು. ಒಳಗಿದ್ದ ಇಬ್ಬರೂ ಸತ್ತರು. ಎರಡೂ ಒಂದೇ ಪಕ್ಷದ ಸೇನೆಗಳು.

ಪೇಟ್ರಿಯಟ್‌ನ ಕಂಪ್ಯೂಟರ್ ರೇಡಾರಿನಲ್ಲಿ ಕಂಡ ಚುಕ್ಕೆಯ ಹಾರಾಟದ ರೀತಿ ನೋಡಿ, ಇದು ಇಂಥದ್ದು ಎಂದು ವಿಂಗಡಿಸುತ್ತದೆ. ತನ್ನ ಕಡೆಗೇ ಇಳಿಯುತ್ತಿದ್ದ ಚುಕ್ಕೆಯನ್ನು ಅದು ರೇಡಾರ್ ನಾಶಕ ಕ್ಷಿಪಣಿ ಎಂದು ತೋರಿಸಿತು. ಆ ವಿಂಗಡಣೆಯ ಮಾನದಂಡವನ್ನು ಇರಾಕಿನ ಬಳಿ ಏನಿತ್ತೋ ಅದಕ್ಕೆ ತಕ್ಕಂತೆ ಬಿಗಿ ಮಾಡಿರಲಿಲ್ಲ. ಜಗತ್ತಿನ ಬೇರೆ ಬೇರೆ ಕ್ಷಿಪಣಿಗಳೆಲ್ಲ ಸಿಕ್ಕುವಷ್ಟು ಅಗಲವಾಗಿ ಬಿಟ್ಟಿದ್ದರು. 'ನೀನು ನಮ್ಮವನೇ?' ಎಂದು ಕೇಳುವ ಐಎಫ್ಎಫ್ ಸಂಕೇತಕ್ಕೆ ವಿಮಾನದಿಂದ ಉತ್ತರ ಬರಲಿಲ್ಲ, ಅದರ ಉಪಕರಣ ಕೆಟ್ಟಿದ್ದಿರಬೇಕು. ಇನ್ನೊಂದು ವಿಧಾನದಲ್ಲಿ, ಮೋಡ್ 1ರಲ್ಲಿ, ಕೇಳಬಹುದಿತ್ತು. ಅದರ ಸಂಕೇತಗಳನ್ನು ಆ ಘಟಕಕ್ಕೆ ತುಂಬಿಯೇ ಇರಲಿಲ್ಲ. ಘಟಕದ ಸಂಪರ್ಕ ಸಲಕರಣೆ ಅಮೆರಿಕದಿಂದ ಇನ್ನೂ ದಾರಿಯಲ್ಲಿತ್ತು. ಹಾಗಾಗಿ ಬೇರೆ ರೇಡಾರುಗಳು ಕಂಡದ್ದು ಇವರಿಗೆ ಕಾಣುತ್ತಿರಲಿಲ್ಲ. ತೀರ್ಮಾನಕ್ಕೆ ಸಿಕ್ಕಿದ್ದು ಸುಮಾರು ಒಂದು ನಿಮಿಷ. ಸ್ವಲ್ಪ ತಡೆದಿದ್ದರೆ ವಿಮಾನದ ಹಾದಿ ಬದಲಾಗಿ ಕಂಪ್ಯೂಟರೇ ಹೆಸರು ಬದಲಿಸುವ ಸಂಭವವಿತ್ತು ಎಂದು ಬ್ರಿಟನ್ನಿನ ತನಿಖಾ ಮಂಡಳಿ ಹೇಳಿತು. ಆದರೆ ಆ ಸಿಬ್ಬಂದಿಗೆ ಕಲಿಸಿದ್ದೇ ಬೇಗ ಹೊಡೆಯಿರಿ, ಸಾಫ್ಟ್‌ವೇರನ್ನು ನಂಬಿ ಎಂದು.

ಗುಂಡಿ ಒತ್ತಿದ್ದು ಮನುಷ್ಯರೇ. ಆದರೂ ಈ ಸರಪಣಿಯಲ್ಲಿ ಅವರ ತಪ್ಪೇ ಅತಿ ಚಿಕ್ಕದು ಎಂದು ನನ್ನ ಅಭಿಪ್ರಾಯ. ಮಾನದಂಡವನ್ನು ಅಗಲ ಬಿಟ್ಟವರು, ಸಂಕೇತ ತುಂಬದೆ ಘಟಕವನ್ನು ಕೆಲಸಕ್ಕೆ ಹಚ್ಚಿದವರು, ಸಂಪರ್ಕವಿಲ್ಲದೆ ನಿಲ್ಲಿಸಲು ಒಪ್ಪಿದವರು, ತರಬೇತಿಯ ಪಾಠ ಬರೆದವರು: ಇವರೆಲ್ಲರ ಕೈ ಆ ಗುಂಡಿಯ ಮೇಲಿತ್ತು. ಹೊಣೆ ಮಾಯವಾಗುವುದಿಲ್ಲ, ಹಿಂದಿನ ತಿಂಗಳುಗಳಲ್ಲಿ ಹಂಚಿಹೋಗಿರುತ್ತದೆ. ಹಂಚಿದ್ದರಿಂದ ಒಬ್ಬೊಬ್ಬರದು ಹಗುರವಾಗುವುದೂ ಇಲ್ಲ.

ಹತ್ತು ದಿನ ಕಳೆದು, ಏಪ್ರಿಲ್ 2ರಂದು, ಪೇಟ್ರಿಯಟ್ ಅಮೆರಿಕದ್ದೇ ನೌಕಾಪಡೆಯ ಹಾರ್ನೆಟ್ ವಿಮಾನವನ್ನು ಕೆಡವಿತು. ಪೈಲಟ್ ಸತ್ತರು. 'ಗೊತ್ತಿರಲಿಲ್ಲ' ಎಂಬ ಮಾತನ್ನು ಮೊದಲ ಘಟನೆಗೆ ಒಪ್ಪಬಹುದೇನೋ, ಎರಡನೆಯದಕ್ಕೆ ನಾನು ಒಪ್ಪಲಾರೆ.

ಹಾಗಾದರೆ ಮನುಷ್ಯನೊಬ್ಬ ನಡುವೆ ಇದ್ದರೆ ಸಾಕೇ? ಸಾಲದು. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಉರುಳಿಸಿ 290 ಜನರನ್ನು ಕೊಂದಿತು. ಅಲ್ಲಿ ಯಂತ್ರದ ಲೆಕ್ಕ ಸರಿಯಾಗಿಯೇ ಇತ್ತು, ವಿಮಾನ ಮೇಲೇರುತ್ತಿದೆ ಎಂದು ಅದು ದಾಖಲಿಸಿತ್ತು. ನೌಕೆಯ ನಿಯಂತ್ರಣ ಕೋಣೆಯಲ್ಲಿದ್ದವರು ನಂಬಿದ್ದು ದಾಳಿಗೆ ಕೆಳಗಿಳಿಯುತ್ತಿದೆ ಎಂದು. 1996ರಲ್ಲಿ ಅಮೆರಿಕ ಸತ್ತವರ ಕುಟುಂಬಗಳಿಗೆ 6.18 ಕೋಟಿ ಡಾಲರ್ ಕೊಟ್ಟಿತು, ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ಕಾನೂನಿನಲ್ಲಿ ನಿಜಕ್ಕೂ ಒಂದು ಕಂದಕ ಇದೆ. ಕೈಕೆಳಗಿನವರು ಯುದ್ಧಾಪರಾಧ ಮಾಡುತ್ತಿದ್ದಾರೆಂದು ಸೇನಾಧಿಕಾರಿಗೆ ತಿಳಿದಿರಬೇಕಿತ್ತು ಎಂದಾದರೆ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಕಟ್ಟಿದ ಒಪ್ಪಂದವಾದ ರೋಮ್ ಶಾಸನದ 28ನೇ ವಿಧಿ ಅವನನ್ನೂ ಹೊಣೆ ಮಾಡುತ್ತದೆ. ಆದರೆ ಯಂತ್ರ ಅಪರಾಧ ಮಾಡಬಲ್ಲ ಕೈಕೆಳಗಿನವನಲ್ಲ. ಈ ಕಂದಕ ತುಂಬಬೇಕಾದರೆ, ತಾನೇ ಗುರಿ ಆರಿಸುವ ಯಾವ ಆಯುಧವೂ ಒಂದು ಹಾಳೆ ಇಲ್ಲದೆ ರಣರಂಗಕ್ಕೆ ಹೋಗಬಾರದು: ಯಾವ ಪ್ರದೇಶ, ಎಷ್ಟು ಗಂಟೆ, ಯಾವುದನ್ನು ಗುರಿ ಎಂದು ಎಣಿಸುತ್ತದೆ, ಯಾವ ಸಂಕೇತ ತುಂಬಿದೆ, ಸಂಪರ್ಕ ಕಡಿದರೆ ಹೊಡೆಯುತ್ತದೋ ಸುಮ್ಮನಾಗುತ್ತದೋ. ಕೆಳಗೆ ಒಬ್ಬರ ಹೆಸರು, ಸಹಿ. ಸಮಿತಿಯದ್ದಲ್ಲ, ಒಬ್ಬರದು. 'ಸೂಕ್ತ ಮಟ್ಟದ ಮಾನವ ವಿವೇಚನೆ' ಎಂದು ಅಮೆರಿಕದ ರಕ್ಷಣಾ ಇಲಾಖೆಯ ನಿರ್ದೇಶನ ಹೇಳುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಎಷ್ಟು ಸೂಕ್ತ ಎಂಬುದನ್ನು ಈ ಹಾಳೆಯೇ ಹೇಳಬೇಕು.

ನಮ್ಮ ದೇಶದ ಮಾತನ್ನೂ ಆಡಲೇಬೇಕು. ಹೊಣೆಗಾರಿಕೆಯನ್ನು ಯಂತ್ರಕ್ಕೆ ವರ್ಗಾಯಿಸಲಾಗದು ಎಂಬ ತತ್ವವನ್ನು 2019ರಲ್ಲಿ ಜಿನೀವಾದಲ್ಲಿ, ಕೆಲವು ಸಾಂಪ್ರದಾಯಿಕ ಆಯುಧಗಳನ್ನು ನಿಯಂತ್ರಿಸುವ ವಿಶ್ವಸಂಸ್ಥೆಯ ಒಪ್ಪಂದದ ಸಭೆಯಲ್ಲಿ, ಎಲ್ಲರೊಂದಿಗೆ ಭಾರತವೂ ಒಪ್ಪಿದೆ. 2023ರ ಡಿಸೆಂಬರಿನಲ್ಲಿ ಇದೇ ಆಯುಧಗಳ ಕುರಿತ ನಿರ್ಣಯಕ್ಕೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 152 ದೇಶಗಳು ಹೌದೆಂದಾಗ, ಬೇಡ ಎಂದ ನಾಲ್ಕರಲ್ಲಿ ರಷ್ಯಾ, ಬೆಲಾರೂಸ್, ಮಾಲಿಗಳ ಜೊತೆ ಭಾರತವಿತ್ತು. ಚರ್ಚೆಗೆ ಜಿನೀವಾ ವೇದಿಕೆಯೇ ಸಾಕು ಎಂಬುದು ಭಾರತದ ನಿಲುವು. ಅಲ್ಲಿ ಪ್ರತಿಯೊಂದಕ್ಕೂ ಸರ್ವಸಮ್ಮತಿ ಬೇಕು, ಮಾತು 2014ರಿಂದ ನಡೆಯುತ್ತಲೇ ಇದೆ. ಆ ಮತ ನನಗೆ ಸರಿ ಕಾಣಲಿಲ್ಲ.

ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಇಂಥ ಕೆಲಸದಲ್ಲಿರುವ ಎಂಜಿನಿಯರುಗಳು ಈ ಪತ್ರಿಕೆ ಓದುತ್ತಿದ್ದರೆ ಅವರಲ್ಲಿ ಒಂದು ಕೋರಿಕೆ: ಯಂತ್ರವನ್ನು ಯಾವ ಸ್ಥಿತಿಯಲ್ಲಿ ಪರೀಕ್ಷಿಸಿದ್ದೀರಿ ಎಂದು ಬರೆಯುತ್ತೀರಲ್ಲ, ಯಾವುದರಲ್ಲಿ ಪರೀಕ್ಷಿಸಿಲ್ಲ ಎಂಬುದನ್ನೂ ಅದರ ಕೆಳಗೆ ಬರೆಯಿರಿ. ಆ ಕಾಗದ ಯಂತ್ರದ ಜೊತೆಗೇ ಹೋಗಲಿ, ಅದನ್ನು ನಡೆಸುವ ಸೈನಿಕನ ಕೈಗೆ ಸಿಗಲಿ.