ದೋಣಿ ಸುತ್ತಾಟ: ಮಲ್ಪೆಯೋ, ಹೊನ್ನಾವರವೋ?

ಪ್ರಶ್ನೆ: ಡಿಸೆಂಬರ್ ರಜೆಗೆ ಮಕ್ಕಳು, ಅತ್ತೆ-ಮಾವನ ಜೊತೆ ದೋಣಿ ಸುತ್ತಾಟ ಮಾಡಬೇಕು ಅಂತಿದ್ದೇವೆ. ಕಡಲು, ನದಿ ಎರಡೂ ಬೇಕು. ಎಲ್ಲಿಗೆ ಹೋಗೋಣ ಸರ್?
– ಓದುಗರೊಬ್ಬರು, ಹಾವೇರಿ

ಉತ್ತರ: ಮಲ್ಪೆಯಿಂದ ಶುರು ಮಾಡಿ. ಸೇಂಟ್ ಮೇರೀಸ್ ದ್ವೀಪದ ದೋಣಿ ಮಳೆಗಾಲದಲ್ಲಿ ಬಂದ್, ಡಿಸೆಂಬರ್‌ನಲ್ಲಿ ಆ ಚಿಂತೆಯಿಲ್ಲ. ಲಾವಾ ತಣ್ಣಗಾಗಿ ಕಂಬಗಳಂತೆ ನಿಂತ ಕಲ್ಲುಗಳನ್ನು ಮಕ್ಕಳಿಗೆ ತೋರಿಸಿ. ಬೆಳಗ್ಗೆಯೇ ಹೋಗಿ, ಮಧ್ಯಾಹ್ನ ಬಿಸಿಲು ಜಾಸ್ತಿ. ಆಮೇಲೆ ಹೆದ್ದಾರಿ 66 ಹಿಡಿದು ಹೊನ್ನಾವರಕ್ಕೆ ಬನ್ನಿ. ನನ್ನ ಕೇಳಿದ್ರೆ ನಿಜವಾದ ಮಜಾ ಇಲ್ಲೇ: ಶರಾವತಿ ಹಿನ್ನೀರಿನಲ್ಲಿ ದೋಣಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕದಲ್ಲೇ ನಿಧಾನ ಸಾಗುತ್ತದೆ, ಇಳಿತದ ಹೊತ್ತಾದರೆ ಕೆಸರಿನಿಂದ ಎದ್ದ ಬೇರುಗಳೂ ಕಾಣುತ್ತವೆ, ಕಡಲಿನಂಥ ಅಲೆಯ ಹೊಡೆತ ಇಲ್ಲದ್ದರಿಂದ ಅತ್ತೆ-ಮಾವನಿಗೂ ಆರಾಮ. ದರ ಮಾತಾಡಿಯೇ ಹತ್ತಿ. ಲೈಫ್ ಜಾಕೆಟ್ ಕೊಡದವರ ದೋಣಿ ಬೇಡವೇ ಬೇಡ.