ಕಲಬುರಗಿಯಲ್ಲಿ ಕೂತು ಐಸ್ ಹಾಕಿ ತಂಡವೊಂದರ ಕಟ್ಟಾ ಅಭಿಮಾನಿ ಆಗೋಕೆ ಸಾಧ್ಯವಾ?

ಖಂಡಿತ ಸಾಧ್ಯ. ನಾನು ಕೆನಡಾದ ಐಸ್ ಹಾಕಿ ತಂಡ ಟೊರಾಂಟೊ ಮೇಪಲ್ ಲೀಫ್ಸ್ ಅಭಿಮಾನಿ. ಅಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗ್ಗೆ 5.30ಕ್ಕೆ ಬರುತ್ತದೆ. ನೋಡಿ ಮುಗಿಸಿ, ಸುಸಲಾ ತಿಂದು ಕೆಲಸಕ್ಕೆ ಹೋಗಬಹುದು.

ಮೊದಮೊದಲು ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕಣ್ಣಿಗೇ ಬೀಳಲ್ಲ. ಅದರ ಹಿಂದೆ ಬೀಳಬೇಡಿ, ಆಟಗಾರರನ್ನು ನೋಡಿ. ಆಟ ನಿಲ್ಲಿಸದೇ ಆಳು ಬದಲಾಗುತ್ತಾರೆ, ಗಮನಿಸಿ: ಒಬ್ಬ ಸುಸ್ತಾಗಿ ಬೆಂಚಿನತ್ತ ಜಾರಿ ಬರುತ್ತಾನೆ, ಇನ್ನೊಬ್ಬ ತಡೆಗೋಡೆ ಹಾರಿ ಒಳಗಿಳಿಯುತ್ತಾನೆ. ಒಂದೊಂದು ಸರದಿ ಸುಮಾರು 45 ಸೆಕೆಂಡ್, ಅಷ್ಟೇ! ನನಗೆ ಜಾಸ್ತಿ ಇಷ್ಟವಾಗೋದು ಇದೇ.

ಲೀಫ್ಸ್ ತಮ್ಮ ಲೀಗ್‌ನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟಾನ್ಲಿ ಕಪ್ ಗೆದ್ದು ದಶಕಗಳೇ ಆದವು, 1967ರಲ್ಲಿ. ಆದರೂ ಅಲ್ಲಿನವರು ತಂಡ ಬಿಟ್ಟಿಲ್ಲ. ನಾನೂ ಬಿಡಲ್ಲ. ನೀವು ಯಾವ ತಂಡವನ್ನಾದರೂ ಹಿಡಿಯಿರಿ, ಆದರೆ ಸೋತಾಗ ಬದಲಾಯಿಸಬೇಡಿ.