ದೋಣಿಯಲ್ಲೇ ಉಳಿದು ಮಾಡುವ ಸರ್ಫಿಂಗ್ ಪ್ರವಾಸಕ್ಕೆ ಒಂದೇ ಬೋರ್ಡ್ ಸಾಕೇ? ಇನ್ನೇನು ಒಯ್ಯಬೇಕು?

ಸಾಲದು. ಎರಡಾದರೂ ಇರಲಿ: ದಿನಬಳಕೆಯದು ಒಂದು, ದೊಡ್ಡ ಅಲೆಗೆ ತುಸು ಉದ್ದದ್ದು ಇನ್ನೊಂದು. ಆದರೆ ಬೋರ್ಡಿಗಿಂತ ಮೊದಲು ಕೈಕೊಡುವುದು ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್. ಹವಳದ ಬಂಡೆಗೆ ಉಜ್ಜಿ ಉಗುರಿನಷ್ಟು ಸೀಳು ಬಿದ್ದರೂ ಮುಂದಿನ ಜೋರು ಎಳೆತಕ್ಕೆ ತುಂಡಾಗಬಹುದು. ಹೆಚ್ಚುವರಿ ಲೀಶ್ ಎರಡು, ಫಿನ್ (ಬೋರ್ಡಿನ ಅಡಿಯ ರೆಕ್ಕೆ) ಒಂದು ಸೆಟ್, ಅದನ್ನು ಬಿಗಿಯುವ ಕೀಲಿ ಮರೆಯಬೇಡಿ.

ಬೋರ್ಡ್ ಒಡೆದರೆ ಪೂರ್ತಿ ಒಣಗಿಸಿ, ಬಿಸಿಲಿಗೆ ಗಟ್ಟಿಯಾಗುವ ರಾಳ ಹಚ್ಚಿ. ಎಪಾಕ್ಸಿ ಬೋರ್ಡಿಗೆ (ಥರ್ಮೋಕೋಲ್ ಮೇಲೆ ಎಪಾಕ್ಸಿ ರಾಳದ ಹೊದಿಕೆ ಇರುವುದು) ಎಪಾಕ್ಸಿ ರಾಳವೇ ಬೇಕು. ಪಾಲಿಯೆಸ್ಟರ್ ರಾಳ ಒಳಗಿನ ಥರ್ಮೋಕೋಲನ್ನೇ ಕರಗಿಸಿಬಿಡುತ್ತದೆ.

ವಾಂತಿ ತಡೆಯುವ ಮಾತ್ರೆಯನ್ನು ಹೊಟ್ಟೆ ತೊಳಸಿದ ಮೇಲಲ್ಲ, ದೋಣಿ ಹತ್ತುವ ಸುಮಾರು ಒಂದು ಗಂಟೆ ಮೊದಲೇ ನುಂಗಿ. ಹವಳ ತರಚಿದ ಗಾಯವನ್ನು, ಎಷ್ಟೇ ಚಿಕ್ಕದಿರಲಿ, ಸಾಬೂನು ಹಚ್ಚಿ ಸಿಹಿನೀರಲ್ಲಿ ಚೆನ್ನಾಗಿ ತೊಳೆಯಿರಿ. ಒಳಗೆ ಉಳಿದ ಚೂರು ಕೀವು ಕಟ್ಟಿಸುತ್ತದೆ.